ಕ್ರೂಸ್ ಕಂಟ್ರೋಲ್ ತಾನಾಗಿಯೇ ಬಿಟ್ಟುಹೋಗುತ್ತದೆ, ಆಮೇಲೆ ಪಿಕಪ್ ಎಳೆಯುವುದೇ ಇಲ್ಲ. ಥ್ರಾಟಲ್ ಬಾಡಿ ಬದಲಿಸಲಾ?

ಪ್ರಶ್ನೆ: ನಮಸ್ಕಾರ ಸರ್. ನನ್ನದು ಪೆಟ್ರೋಲ್ ಪಿಕಪ್, ಆಟೋಮ್ಯಾಟಿಕ್ ಗೇರ್. ಎರಡು ವಾರದಿಂದ ಒಂದು ತೊಂದರೆ. ಹೆದ್ದಾರಿಯಲ್ಲಿ 80ಕ್ಕೆ ಕ್ರೂಸ್ (ಪೆಡಲ್ ತುಳಿಯದಿದ್ದರೂ ಇಟ್ಟ ವೇಗ ಕಾಯುವ ವ್ಯವಸ್ಥೆ) ಹಾಕಿಕೊಂಡು ಹೋಗುತ್ತಿರುತ್ತೇನೆ. ಇದ್ದಕ್ಕಿದ್ದಂತೆ ಕ್ರೂಸ್ ಬಿಟ್ಟುಹೋಗುತ್ತದೆ, ಇಂಜಿನ್ ಲೈಟ್ ಹತ್ತಿಕೊಳ್ಳುತ್ತದೆ. ಆಮೇಲೆ ಆಕ್ಸಿಲರೇಟರ್ ಎಷ್ಟು ತುಳಿದರೂ ಗಾಡಿ 40ರ ಮೇಲೆ ಏರುವುದಿಲ್ಲ. ಬದಿಗೆ ನಿಲ್ಲಿಸಿ, ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಏನೂ ಆಗೇ ಇಲ್ಲ ಅನ್ನುವ ಹಾಗೆ ಓಡುತ್ತದೆ. ಜೋರು ಮಳೆ ಬಂದ ಮೇಲೆ ಜಾಸ್ತಿಯಾಗಿದೆ. ಗ್ಯಾರೇಜಿನಲ್ಲಿ ಥ್ರಾಟಲ್ ಬಾಡಿ, ಅಂದರೆ ಇಂಜಿನ್‌ಗೆ ಗಾಳಿ ಬಿಡುವ ಕವಾಟದ ಭಾಗ, ಬದಲಿಸಬೇಕು ಅಂದರು. ಮೊನ್ನೆ ಹಿಂದೆಯೇ ಲಾರಿ ಇದ್ದಾಗ ಹೀಗಾಯಿತು, ಕೈಕಾಲು ನಡುಗಿಹೋಯಿತು. ಬದಲಿಸಿಬಿಡಲಾ?

ಮೆಕ್ಯಾನಿಕ್: ನಮಸ್ಕಾರ. ಈಗಲೇ ಬೇಡ, ಸ್ವಲ್ಪ ತಡೆಯಿರಿ. ಮೊದಲು ನಿಮ್ಮ ಜೀವದ ಮಾತು. ಮತ್ತೆ ಹೀಗಾದರೆ ನಾಲ್ಕೂ ಇಂಡಿಕೇಟರ್ ಹಾಕಿ, ಸಿಗುವಷ್ಟು ವೇಗದಲ್ಲೇ ನಿಧಾನಕ್ಕೆ ಬದಿಗೆ ಬನ್ನಿ. ಗಾಡಿ ಓಡುತ್ತಿರುವಾಗ ಮಾತ್ರ ಕೀ ಆಫ್ ಮಾಡಬೇಡಿ. ಇಂಜಿನ್ ನಿಂತರೆ ಸ್ಟೀರಿಂಗ್ ಬಿಗಿಯಾಗುತ್ತದೆ, ಎರಡು ಮೂರು ಸಲ ತುಳಿಯುವಷ್ಟರಲ್ಲಿ ಬ್ರೇಕ್ ಕೂಡ ಗಟ್ಟಿಯಾಗುತ್ತದೆ. ಪೂರ್ತಿ ನಿಂತ ಮೇಲೆ ಆಫ್ ಮಾಡಿ. ಕಾರಣ ಸಿಗುವ ತನಕ ಕ್ರೂಸ್ ಮುಟ್ಟಬೇಡಿ, ಹೆದ್ದಾರಿಗೂ ಹೋಗದಿದ್ದರೆ ಒಳ್ಳೆಯದು.

ಈಗ ಗಾಡಿಯ ವಿಷಯ. ನಿಮ್ಮ ಆಕ್ಸಿಲರೇಟರ್‌ಗೆ ಕೇಬಲ್ ಇಲ್ಲ. ಪೆಡಲ್ ಹತ್ತಿರ ಎರಡು ಸೆನ್ಸರ್ ಇವೆ. ಎರಡೂ ಬೇರೆ ಬೇರೆಯಾಗಿ ಕಂಪ್ಯೂಟರ್‌ಗೆ ವೋಲ್ಟೇಜ್ ಕಳಿಸುತ್ತವೆ. ಥ್ರಾಟಲ್ ಬಾಡಿಯಲ್ಲೂ ಹೀಗೇ ಎರಡು. ಕಂಪ್ಯೂಟರ್ ಯಾವಾಗಲೂ ಪ್ರತಿ ಜೋಡಿಯ ಎರಡನ್ನೂ ತಾಳೆ ನೋಡುತ್ತಿರುತ್ತದೆ. ಎರಡೂ ಒಂದೇ ಮಾತು ಹೇಳದಿದ್ದರೆ ಯಾವುದನ್ನೂ ನಂಬುವುದಿಲ್ಲ. ಗಾಡಿ ತಾನಾಗಿ ನುಗ್ಗಬಾರದು ಅಂತ ಕ್ರೂಸ್ ಬಿಡಿಸಿ, ಪವರ್ ತಗ್ಗಿಸುತ್ತದೆ. ಇದಕ್ಕೆ ಲಿಂಪ್ ಮೋಡ್ ಅನ್ನುತ್ತೇವೆ. ಮತ್ತೆ ಸ್ಟಾರ್ಟ್ ಮಾಡುವಾಗ ಎರಡೂ ಸರಿ ಇದ್ದರೆ ಪವರ್ ವಾಪಸ್ ಕೊಡುತ್ತದೆ. ಹಾಗಾಗಿ ನಿಮಗಾಗುತ್ತಿರುವ ಎರಡು ತೊಂದರೆಗೂ ಬೇರು ಒಂದೇ ಇರಬಹುದು.

ಇನ್ನೊಂದು ಗಮನಿಸಿದೆ. ಕ್ರೂಸ್‌ನಲ್ಲಿ ನಿಮ್ಮ ಕಾಲು ಪೆಡಲ್ ಮೇಲೆ ಇರುವುದಿಲ್ಲ, ಅಲ್ವಾ? ಪೆಡಲ್ ಅಲುಗದೇ ಇದ್ದಾಗಲೇ ತೊಂದರೆ ಬಂದಿದೆ, ಅದೂ ಮಳೆಯ ನಂತರ ಜಾಸ್ತಿ. ನನಗೆ ಅನುಮಾನ ವೈರ್ ಮತ್ತು ಕನೆಕ್ಟರ್ ಮೇಲೆ. ಆದರೆ ಅನುಮಾನದ ಮೇಲೆ ನಾನು ಸಾಮಾನು ಬದಲಿಸುವುದಿಲ್ಲ. ಸ್ಕ್ಯಾನರ್ ಹಾಕಿಸಿ, ಕಂಪ್ಯೂಟರ್ ಬರೆದಿಟ್ಟ ತಪ್ಪಿನ ಕೋಡ್ ಮತ್ತು ಅದರ ಜೊತೆಗಿನ ಫ್ರೀಜ್ ಫ್ರೇಮ್ ಎರಡನ್ನೂ ಫೋಟೊ ತೆಗೆದು ಕಳಿಸಿ. ಕೋಡ್ ಬಿದ್ದ ಹೊತ್ತಿನಲ್ಲಿ ವೇಗ, ಪೆಡಲ್, ಇಂಜಿನ್ ಬಿಸಿ ಎಷ್ಟಿತ್ತು ಅನ್ನುವುದು ಅದರಲ್ಲಿ ಉಳಿದಿರುತ್ತದೆ. ಅದಕ್ಕೂ ಮೊದಲು ಕೋಡ್ ಅಳಿಸಬೇಡಿ, ಬ್ಯಾಟರಿ ಬಿಚ್ಚಬೇಡಿ. ಬಿಚ್ಚಿದರೆ ಇದೆಲ್ಲ ಹೊರಟುಹೋಗುತ್ತದೆ.

ಪ್ರಶ್ನೆ ಕೇಳಿದವರು: ಸ್ಕ್ಯಾನ್ ಮಾಡಿಸಿದೆ ಸರ್. ಪಿ2138 ಒಂದೇ ಬಂದಿದೆ. ಫ್ರೀಜ್ ಫ್ರೇಮ್‌ನಲ್ಲಿ ವೇಗ 79.

ಮೆಕ್ಯಾನಿಕ್: ತುಂಬಾ ಉಪಕಾರವಾಯಿತು. ಪಿ2138 ಅಂದರೆ ಪೆಡಲ್ ಕಡೆಯ ಎರಡು ಸಿಗ್ನಲ್ ತಾಳೆ ಆಗುತ್ತಿಲ್ಲ ಅಂತ. ಥ್ರಾಟಲ್ ಬಾಡಿಯ ಕಡೆ ತಪ್ಪಿದ್ದರೆ ಸಾಮಾನ್ಯವಾಗಿ ಪಿ2135 ಬರುತ್ತದೆ. ನೀವು ಥ್ರಾಟಲ್ ಬಾಡಿ ಹಾಕಿಸಿದ್ದರೆ ದುಡ್ಡು ಹೋಗುತ್ತಿತ್ತು, ತೊಂದರೆ ಹಾಗೇ ಉಳಿಯುತ್ತಿತ್ತು.

ಪೆಡಲ್ ಸೆನ್ಸರ್ ಕೂಡ ಈಗಲೇ ಕೊಳ್ಳಬೇಡಿ. ಕೀ ಆನ್, ಇಂಜಿನ್ ಆಫ್ ಇಟ್ಟು ಸ್ಕ್ಯಾನರ್‌ನಲ್ಲಿ ಎರಡೂ ಸೆನ್ಸರ್‌ಗಳ ವೋಲ್ಟೇಜ್ ಒಟ್ಟಿಗೆ ನೋಡಿಸಿ. ಪೆಡಲ್ ನಿಧಾನವಾಗಿ ತುಳಿಯಿರಿ, ನಿಧಾನವಾಗಿ ಬಿಡಿ. ಎಷ್ಟೋ ಗಾಡಿಗಳಲ್ಲಿ ಒಂದರ ವೋಲ್ಟೇಜ್ ಇನ್ನೊಂದರ ಅರ್ಧ ಇರುತ್ತದೆ, ಎರಡೂ ಜೊತೆಜೊತೆಯಾಗಿ ಏರುತ್ತವೆ. ಕೆಲವು ಗಾಡಿಗಳ ಲೆಕ್ಕ ಬೇರೆ, ಅದನ್ನು ನಿಮ್ಮ ಗಾಡಿಯ ಸರ್ವಿಸ್ ಪುಸ್ತಕದಲ್ಲೇ ನೋಡಬೇಕು. ಯಾವುದೇ ಆದರೂ ನಡುವೆ ಎಗರುವುದು, ಬೀಳುವುದು ಇರಬಾರದು.

ಮುಖ್ಯ ಪರೀಕ್ಷೆ ಇದು: ಪೆಡಲ್ ಮುಟ್ಟದೆ, ಅದರ ವೈರಿನ ಕಟ್ಟನ್ನು ಕನೆಕ್ಟರ್ ಹತ್ತಿರದಿಂದ ಶುರುಮಾಡಿ ಉದ್ದಕ್ಕೂ ಮೆಲ್ಲಗೆ ಅಲುಗಾಡಿಸುತ್ತಾ ಹೋಗಿ. ಯಾವ ಜಾಗದಲ್ಲಿ ಅಂಕಿ ಎಗರುತ್ತದೋ ತೊಂದರೆ ಅಲ್ಲಿದೆ. ಆಮೇಲೆ ಕೀ ಆಫ್ ಮಾಡಿ ಕನೆಕ್ಟರ್ ಬಿಚ್ಚಿ, ಟಾರ್ಚ್ ಹಾಕಿ ಪಿನ್‌ಗಳನ್ನು ನೋಡಿ. ಹಸಿರು ಕಿಲುಬು, ತೇವ, ಬಾಗಿದ ಪಿನ್, ಸಡಿಲವಾದ ಪಿನ್, ಇವೇ ಹುಡುಕಬೇಕಾದದ್ದು. ಒಂದು ವಿನಂತಿ. ವೈರಿಗೆ ಸೂಜಿ ಚುಚ್ಚಿ ವೋಲ್ಟೇಜ್ ನೋಡುವ ಅಭ್ಯಾಸ ಕೆಲವರಿಗಿದೆ, ಅದಕ್ಕೆ ಬಿಡಬೇಡಿ. ಆ ತೂತಿನಿಂದ ನೀರು ಇಳಿದು ಕೆಲವು ತಿಂಗಳಲ್ಲಿ ಒಳಗಿನ ತಾಮ್ರ ತಿಂದುಹಾಕುತ್ತದೆ.

ಇನ್ನೊಬ್ಬರು: ಅಣ್ಣಾ, ನನ್ನದು ಡೀಸೆಲ್ ಪಿಕಪ್. ಲೋಡ್ ಹಾಕಿಕೊಂಡು ಏರು ಹತ್ತುವಾಗ ಎಳೆಯುವುದಿಲ್ಲ, ಕ್ರೂಸ್ ಕೂಡ ಬಿಟ್ಟುಹೋಗುತ್ತದೆ. ಸಮತಟ್ಟಿನಲ್ಲಿ ಪರವಾಗಿಲ್ಲ. ನನಗೂ ಪೆಡಲ್ ಸೆನ್ಸರ್ ಇರಬಹುದಾ?

ಮೆಕ್ಯಾನಿಕ್: ನಿಮ್ಮದು ಬೇರೆ ದಾರಿ ಅನಿಸುತ್ತದೆ. ಇಟ್ಟ ವೇಗಕ್ಕಿಂತ ಗಾಡಿ ತುಂಬಾ ಕೆಳಗೆ ಬಿದ್ದರೆ ಹಲವು ಗಾಡಿಗಳಲ್ಲಿ ಕ್ರೂಸ್ ತಾನೇ ಬಿಟ್ಟುಬಿಡುತ್ತದೆ. ಅಂದರೆ ನಿಮಗೆ ಮೊದಲು ಪವರ್ ಹೋಗುತ್ತಿದೆ, ಕ್ರೂಸ್ ಅದರ ಹಿಂದೆ ಹೋಗುತ್ತಿದೆ. ಲೋಡ್ ಬಿದ್ದಾಗ ಮಾತ್ರ ಹೀಗಾದರೆ ಡೀಸೆಲ್ ಸಾಕಾಗುತ್ತಿಲ್ಲ, ಇಲ್ಲವೇ ಗಾಳಿ ಸಾಕಾಗುತ್ತಿಲ್ಲ. ಡೀಸೆಲ್ ಫಿಲ್ಟರ್ ಯಾವಾಗ ಬದಲಿಸಿದ್ದು ನೆನಪಿದೆಯಾ? ಅದರ ತಳದಲ್ಲಿ ಸೇರಿದ ನೀರನ್ನೂ ಹೊರಗೆ ಬಿಟ್ಟು ನೋಡಿ. ಆಮೇಲೆ ಇಂಜಿನ್‌ಗೆ ಗಾಳಿ ಒತ್ತುವ ಟರ್ಬೊದಿಂದ ಆ ಗಾಳಿ ತಂಪು ಮಾಡುವ ಇಂಟರ್‌ಕೂಲರ್‌ಗೆ, ಅಲ್ಲಿಂದ ಇಂಜಿನ್‌ಗೆ ಹೋಗುವ ಹೋಸ್‌ಗಳನ್ನು ಪೂರ್ತಿ ಸವರಿ ನೋಡಿ. ಸೀಳು ಬಿಟ್ಟ ಕಡೆ ಹೊರಗೆ ಎಣ್ಣೆಯ ಜಿಡ್ಡು ಕಾಣುತ್ತದೆ, ತುಳಿದಾಗ ಸುಯ್ ಅನ್ನುವ ಸದ್ದು ಬರುತ್ತದೆ, ಕಪ್ಪು ಹೊಗೆಯೂ ಬರಬಹುದು. ಕೋಡ್ ಪಿ0087 ಬಂದರೆ ಡೀಸೆಲ್ ಒತ್ತಡ ಕಡಿಮೆ, ಪಿ0299 ಬಂದರೆ ಟರ್ಬೊ ಗಾಳಿ ಕಡಿಮೆ.

ಮತ್ತೊಬ್ಬರು: ನನ್ನ ಗಾಡಿಯಲ್ಲಿ ಯಾವ ಲೈಟೂ ಬರುವುದಿಲ್ಲ ಸರ್. ರಸ್ತೆಯ ಉಬ್ಬಿನ ಮೇಲೆ ಕುಲುಕಿದಾಗ ಮಾತ್ರ ಕ್ರೂಸ್ ಹೋಗುತ್ತದೆ, ಒಂದು ಕ್ಷಣ ಗಾಡಿ ಹಿಡಿದು ಎಳೆದಂತಾಗುತ್ತದೆ.

ಮೆಕ್ಯಾನಿಕ್: ಬ್ರೇಕ್ ಪೆಡಲ್ ಮೇಲಿನ ಚಿಕ್ಕ ಸ್ವಿಚ್ ನೋಡಿ. ಬ್ರೇಕ್ ಲೈಟ್ ಹತ್ತಿಸುವುದೂ, ಕ್ರೂಸ್ ಬಿಡಿಸುವುದೂ ಅದೇ. ಅದು ಸವೆದು ಅಥವಾ ಅಡ್ಜಸ್ಟ್‌ಮೆಂಟ್ ತಪ್ಪಿದ್ದರೆ ಕುಲುಕಿದಾಗ ಬ್ರೇಕ್ ತುಳಿದಂತೆ ತೋರಿಸುತ್ತದೆ. ಬ್ರೇಕ್ ಮತ್ತು ಆಕ್ಸಿಲರೇಟರ್ ಒಟ್ಟಿಗೆ ತುಳಿದರೆ ಪವರ್ ತಗ್ಗಿಸುವ ವ್ಯವಸ್ಥೆ ಈಗಿನ ಬಹಳಷ್ಟು ಗಾಡಿಗಳಲ್ಲಿದೆ. ನೀವು ಬ್ರೇಕ್ ತುಳಿಯದಿದ್ದರೂ ಗಾಡಿ ಹಾಗೆ ತಿಳಿದುಕೊಳ್ಳುತ್ತದೆ. ಗಾಡಿ ನಿಲ್ಲಿಸಿ, ಹಿಂದೆ ಒಬ್ಬರನ್ನು ನಿಲ್ಲಿಸಿ ಬ್ರೇಕ್ ಪೆಡಲ್‌ಗೆ ಬೆರಳು ತಾಗಿಸಿ. ಅಷ್ಟಕ್ಕೇ ಲೈಟ್ ಮಿನುಗಿದರೆ ಸ್ವಿಚ್ ಸರಿಮಾಡಿಸಿ. ಇದನ್ನು ಮುಂದೂಡಬೇಡಿ, ನಿಮ್ಮ ಹಿಂದೆ ಬರುವವರು ಆ ಲೈಟ್ ನಂಬಿಕೊಂಡು ಓಡಿಸುತ್ತಾರೆ.

ಪ್ರಶ್ನೆ ಕೇಳಿದವರು: ಸರ್, ಸಿಕ್ಕಿತು! ಕನೆಕ್ಟರ್ ಹತ್ತಿರ ವೈರ್ ಅಲುಗಾಡಿಸಿದಾಗ ಒಂದು ಸೆನ್ಸರ್‌ನ ಅಂಕಿ ಸೊನ್ನೆಗೆ ಬಿತ್ತು. ಬಿಚ್ಚಿದರೆ ಎರಡು ಪಿನ್ ಹಸಿರಾಗಿವೆ. ಕಾರ್ಪೆಟ್ ಕೂಡ ಒದ್ದೆ ಇದೆ. ಪಿನ್ ಉಜ್ಜಿ ಹಾಕಿದರೆ ಸಾಕಾ?

ಮೆಕ್ಯಾನಿಕ್: ಕೇಳಿ ಮನಸ್ಸಿಗೆ ಸಮಾಧಾನವಾಯಿತು. ಉಜ್ಜಬೇಡಿ, ಪಿನ್ ಮೇಲಿನ ಲೇಪ ಹೋಗುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಪೂರ್ತಿ ಒಣಗಿಸಿ. ಕಿಲುಬು ಆಳಕ್ಕೆ ಇಳಿದಿದ್ದರೆ ಆ ಎರಡು ಟರ್ಮಿನಲ್ ಹೊಸದು ಹಾಕಿಸಿ, ಸೆನ್ಸರ್ ಕಡೆಯ ಪಿನ್ನೂ ತಿಂದುಹೋಗಿದ್ದರೆ ಆಗ ಪೆಡಲ್ ಬದಲಿಸಲೇಬೇಕು. ಆದರೆ ಅದಕ್ಕೂ ಮೊದಲು ನೀರಿನ ದಾರಿ ಹುಡುಕಿ. ಒಬ್ಬರು ಮುಂದಿನ ಗಾಜಿನ ಅಂಚಿಗೆ ಮೆಲ್ಲಗೆ ನೀರು ಬಿಡಲಿ, ನೀವು ಪೆಡಲ್ ಹತ್ತಿರ ಟಾರ್ಚ್ ಹಿಡಿದು ನೋಡಿ. ಗಾಜಿನ ಅಂಟು ಬಿಟ್ಟಿರಬಹುದು, ಇಲ್ಲವೇ ಇಂಜಿನ್ ಕಡೆಯಿಂದ ವೈರ್ ಒಳಗೆ ಬರುವ ಜಾಗದ ರಬ್ಬರ್ ಜರುಗಿ ನೀರು ವೈರ್ ಹಿಡಿದುಕೊಂಡೇ ಕನೆಕ್ಟರ್‌ಗೆ ಇಳಿಯುತ್ತಿರಬಹುದು. ಅದನ್ನು ಮುಚ್ಚದಿದ್ದರೆ ಹೊಸ ಪೆಡಲ್ ಹಾಕಿದರೂ ಮುಂದಿನ ಮಳೆಗೆ ಇದೇ ಕಥೆ.

ಕಾರ್ಪೆಟ್ ಮೇಲೆ ಒಣಗಿದ ಹಾಗೆ ಕಂಡರೂ ಕೆಳಗಿನ ಸ್ಪಂಜು ನೀರು ಹಿಡಿದಿರುತ್ತದೆ, ಎತ್ತಿ ಒಣಗಿಸಿ. ಎಲ್ಲ ಆದ ಮೇಲೆ ಕೋಡ್ ಅಳಿಸಿ, ಕೆಲವು ದಿನ ಕ್ರೂಸ್ ಇಲ್ಲದೆ ಹತ್ತಿರದಲ್ಲೇ ಓಡಿಸಿ. ಒಂದು ಮಳೆ ಕಳೆದ ಮೇಲೆ ಮತ್ತೆ ಸ್ಕ್ಯಾನ್ ಮಾಡಿಸಿ, ಏನು ಬಂತು ಅಂತ ಇಲ್ಲೇ ತಿಳಿಸಿ.