ಸಹಾಯ ಬೇಕು: ಮನೆಯೊಳಗಿನ ನೆರಳು–ಬೆಳಕನ್ನು ಮೊಬೈಲ್‌ನಲ್ಲಿ ಸೆರೆಹಿಡಿಯುವುದು ಹೇಗೆ?

ಸದಸ್ಯರಿಗೆ ನಮಸ್ಕಾರ. ಬೆಳಗಿನ ಓರೆಬಿಸಿಲು ಕಿಟಕಿಯ ಸರಳುಗಳನ್ನು ದಾಟಿ ಗೋಡೆಯ ಮೇಲೆ ಎಳೆಯುವ ನೆರಳಿನ ಗೆರೆಗಳು, ಲೋಟದ ಅಂಚಿನಲ್ಲಿ ನಿಂತ ನೀರಹನಿಯೊಳಗೆ ತಲೆಕೆಳಗಾಗಿ ಕಾಣುವ ಅದೇ ಕಿಟಕಿ, ಇಂಥವನ್ನು ಮೊಬೈಲ್‌ನಲ್ಲಿ ಸೆರೆಹಿಡಿಯುವ ಹವ್ಯಾಸ ನನಗಿದೆ. ಆದರೆ ಮೊಬೈಲ್ ಕ್ಯಾಮೆರಾದ ಎಚ್‌ಡಿಆರ್ (ಬೆಳಕು–ಕತ್ತಲೆಯ ಅಂತರವನ್ನು ತಗ್ಗಿಸುವ ವ್ಯವಸ್ಥೆ) ತಾನಾಗಿಯೇ ನೆರಳನ್ನು ತಿಳಿಗೊಳಿಸುವುದರಿಂದ ಕಣ್ಣಿಗೆ ಕಂಡ ಗಾಢತೆ ಚಿತ್ರದಲ್ಲಿ ಉಳಿಯುವುದಿಲ್ಲ. ನೆರಳೇ ಇಲ್ಲದ ಮೇಲೆ ಆ ಚಿತ್ರ ತೆಗೆದು ಪ್ರಯೋಜನವೇನು? ಬೆಳಕು ಬಿದ್ದ ಜಾಗವನ್ನು ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ, ಎಕ್ಸ್‌ಪೋಷರ್ (ಚಿತ್ರಕ್ಕೆ ಸಿಗುವ ಬೆಳಕಿನ ಪ್ರಮಾಣ) ತಗ್ಗಿಸಿದರೆ ಗೋಡೆಯ ಚಿತ್ರ ತಕ್ಕಮಟ್ಟಿಗೆ ಸರಿಹೋಗುತ್ತದೆ. ಹನಿಯ ವಿಷಯದಲ್ಲಿ ಮಾತ್ರ, ಹತ್ತಿರ ಹೋದಷ್ಟೂ ಫೋಕಸ್ ಹಿನ್ನೆಲೆಗೆ ಜಾರುತ್ತದೆ. ಹೊಸ ಕ್ಯಾಮೆರಾ ಕೊಳ್ಳುವ ಉದ್ದೇಶವಿಲ್ಲ. ತೀರ ಹತ್ತಿರದ ಚಿತ್ರಕ್ಕಾಗಿ ಮೊಬೈಲ್‌ಗೆ ಸಿಕ್ಕಿಸುವ ಮ್ಯಾಕ್ರೋ ಲೆನ್ಸ್ ಬಳಸಿದವರು, ಅಥವಾ ರಾ ಫೈಲ್‌ನಲ್ಲಿ (ಕ್ಯಾಮೆರಾ ಹೆಚ್ಚು ತಿದ್ದದೆ ಉಳಿಸುವ ಮೂಲ ಕಡತದಲ್ಲಿ) ತೆಗೆದು ನೆರಳನ್ನು ಉಳಿಸಿಕೊಂಡವರು ತಮ್ಮ ಅನುಭವವನ್ನು, ಸಾಧ್ಯವಾದರೆ ಒಂದು ಚಿತ್ರದೊಂದಿಗೆ, ತಿಳಿಸಬೇಕಾಗಿ ವಿನಂತಿ.