ನ್ಯೂಜಿಲೆಂಡ್ ದಕ್ಷಿಣ ದ್ವೀಪ: ಮನೆಮಂದಿಯನ್ನು ಕೂರಿಸಿಕೊಂಡು ಕಾರು ಓಡಿಸಿದ ಅನುಭವ

ಅಪ್ಪ, ಅಮ್ಮ, ಹೆಂಡತಿ, ಐದು ವರ್ಷದ ಮಗಳ ಜೊತೆ ಹತ್ತು ದಿನ ನ್ಯೂಜಿಲೆಂಡಿನ ದಕ್ಷಿಣ ದ್ವೀಪ ಸುತ್ತಬೇಕು, ಹೊರದೇಶದಲ್ಲಿ ಕಾರು ಓಡಿಸುವುದು ಇದೇ ಮೊದಲು, ಹೋಗಿಬಂದವರು ಹೇಳಿ ಅಂತ ಕೇಳಿದ್ದೀರಿ. ನಾವೂ ಹೀಗೇ ಐದು ಜನ ಹೋಗಿದ್ದೆವು. ನಮಗಿಂತ ಮುಂಚೆ ಅಕ್ಕನ ಮನೆಯವರು ಚಳಿಗಾಲದಲ್ಲಿ ಹೋಗಿಬಂದಿದ್ದರು. ಎರಡೂ ಸೇರಿಸಿ ಹೇಳುತ್ತೇನೆ.

ಅಲ್ಲೂ ಎಡಗಡೆಯೇ ಓಡಿಸುವುದು, ಹಾಗಾಗಿ ಆ ಭಯ ಬೇಡ. ನೀವು ತಲೆ ಕೆಡಿಸಿಕೊಳ್ಳಬೇಕಾದ್ದು ದೂರದ ಬಗ್ಗೆ. ಮ್ಯಾಪ್ ಮೂರು ಗಂಟೆ ಅಂದರೆ ಐದು ಗಂಟೆ ಅಂತಲೇ ಇಟ್ಟುಕೊಳ್ಳಿ. ಊರ ಹೊರಗೆ ಸಾಮಾನ್ಯವಾಗಿ 100 ಕಿ.ಮೀ. ವೇಗದ ಮಿತಿ ಇರುತ್ತದೆ, ಆದರೆ ರಸ್ತೆ ಹೆಚ್ಚಿನ ಕಡೆ ಎರಡೇ ಲೇನ್. ತಿರುವಿಗೆ ಮುಂಚೆ ಹಳದಿ ಬೋರ್ಡಿನಲ್ಲಿ 35, 45 ಅಂತ ಬರೆದಿರುತ್ತಾರೆ. ಅದನ್ನು ನಂಬಿ, ನಿಧಾನ ಮಾಡಿ. ಹಿಂದೆ ಗಾಡಿಗಳು ಸೇರಿಕೊಂಡರೆ ಜಾಗ ನೋಡಿ ಪಕ್ಕಕ್ಕೆ ಹಾಕಿ ಬಿಟ್ಟುಕೊಡಿ. ಅಮ್ಮನಿಗೆ ಕಾಲು ಚಾಚಲು, ಮಗಳಿಗೆ ಬಾತ್‌ರೂಮಿಗೆ ಅಂತ ನಿಲ್ಲಿಸುವುದು ಇದ್ದೇ ಇರುತ್ತದೆ. ದಿನಕ್ಕೆ ಮ್ಯಾಪಿನ ನಾಲ್ಕು ಗಂಟೆಗಿಂತ ಜಾಸ್ತಿ ಇಟ್ಟುಕೊಳ್ಳಲೇಬೇಡಿ.

ಒಂದೇ ಗಾಡಿ ಹೋಗುವಷ್ಟು ಅಗಲದ ಸೇತುವೆಗಳ ಬಗ್ಗೆ ಮೊದಲೇ ಓದಿಕೊಂಡು ಹೋಗಿ. ಮುಂಚೆಯೇ ಒಂದು ಬೋರ್ಡ್ ಬರುತ್ತದೆ, ಅದರಲ್ಲಿ ಎರಡು ಬಾಣ. ನಿಮ್ಮ ದಿಕ್ಕಿನದು ಚಿಕ್ಕ ಕೆಂಪು ಬಾಣವಾದರೆ ನೀವು ನಿಲ್ಲಬೇಕು, ಎದುರಿನವರು ಮೊದಲು. ನಾನು ಎರಡನೇ ದಿನ ಮಾತಾಡುತ್ತಾ ಬೋರ್ಡ್ ನೋಡದೆ ಸೇತುವೆ ಹತ್ತಿರ ಹೋಗಿಬಿಟ್ಟಿದ್ದೆ. "ರೀ, ಕೆಂಪು ನಮ್ಮದು!" ಅಂತ ಹೆಂಡತಿ ಕೂಗಿದಳು. ಬ್ರೇಕ್ ಹಾಕಿ ತಲೆ ಎತ್ತಿದರೆ ಆ ತುದಿಯಿಂದ ಲಾರಿ ಸೇತುವೆಗೆ ಹತ್ತಿಯಾಗಿತ್ತು. ಅವತ್ತಿನಿಂದ ಮುಂದೆ ಕೂತವರು ಬೋರ್ಡ್ ಜೋರಾಗಿ ಓದಬೇಕು ಅಂತ ಮಾಡಿಕೊಂಡೆವು. ನೀವೂ ಹಾಗೇ ಮಾಡಿ.

ವನಾಕ ಅನ್ನುವ ಊರಿನಿಂದ ಕ್ವೀನ್ಸ್‌ಟೌನ್‌ಗೆ ಕ್ರೌನ್ ರೇಂಜ್ ಅನ್ನುವ ಬೆಟ್ಟದ ರಸ್ತೆ ಹತ್ತಿರ. ಆದರೆ ಅದು ಸಾವಿರ ಮೀಟರಿಗಿಂತ ಜಾಸ್ತಿ ಎತ್ತರಕ್ಕೆ ಹತ್ತಿ, ಆ ಕಡೆ ಹಾವಿನ ಹಾಗೆ ಸುತ್ತಿಕೊಂಡು ಇಳಿಯುತ್ತದೆ. ನಮ್ಮ ಮಗಳು ಇಳಿಯುವಾಗ ಎರಡು ಸಲ ವಾಂತಿ ಮಾಡಿಕೊಂಡಳು. ಮಗುವಿಗೆ ತಲೆಸುತ್ತು ಬರುವುದಾದರೆ ಕ್ರಾಮ್‌ವೆಲ್ ಊರಿನ ಮೇಲೆ ಹೋಗಿ. ಸುತ್ತು ಜಾಸ್ತಿ, ಹೊಟ್ಟೆಗೆ ಹಿತ.

ಬೆಟ್ಟಗಳ ನಡುವೆ ಸಮುದ್ರ ಒಳಗೆ ಚಾಚಿಕೊಂಡಿರುವ ಮಿಲ್ಫರ್ಡ್ ಸೌಂಡ್ ಬಿಡಬೇಡಿ. ಆದರೆ ಕ್ವೀನ್ಸ್‌ಟೌನ್‌ನಿಂದ ಒಂದೇ ದಿನದಲ್ಲಿ ಹೋಗಿಬರುವ ಯೋಚನೆ ಬಿಡಿ. ಹೋಗುವುದಕ್ಕೇ 290 ಕಿ.ಮೀ. ಹತ್ತಿರ ಆಗುತ್ತದೆ. ತೆ ಅನೌನಲ್ಲಿ ಉಳಿದುಕೊಳ್ಳಿ, ಅಲ್ಲಿಂದ ಸುಮಾರು 120. ಟ್ಯಾಂಕನ್ನು ಅಲ್ಲೇ ತುಂಬಿಸಿ, ಮ್ಯಾಪ್ ಡೌನ್‌ಲೋಡ್ ಮಾಡಿಕೊಳ್ಳಿ, ಮುಂದೆ ಮೊಬೈಲ್ ಸಿಗ್ನಲ್ ನೆಚ್ಚಿಕೊಳ್ಳುವ ಹಾಗಿಲ್ಲ. ದಾರಿಯಲ್ಲಿ ಹೋಮರ್ ಸುರಂಗ ಬರುತ್ತದೆ, 1.2 ಕಿ.ಮೀ. ಉದ್ದ, ಒಳಗೆ ಬರೀ ಕೊರೆದ ಬಂಡೆ. ಸುರಂಗದ ಮುಂದೆ ಟ್ರಾಫಿಕ್ ಸಿಗ್ನಲ್ ಕೆಂಪಾಗಿ ನಾವು ನಿಂತಿದ್ದಾಗ ಕಿಯಾ ಅನ್ನುವ ಹಸಿರು ಗಿಳಿಯೊಂದು ನಮ್ಮ ಕಾರಿನ ಮೇಲೆ ಕೂತು, ಬಾಗಿಲಿನ ರಬ್ಬರನ್ನು ಕೊಕ್ಕಿನಲ್ಲಿ ಎಳೆಯುತ್ತಿತ್ತು. ಅಪ್ಪ ಮಗುವಿನ ಹಾಗೆ ಖುಷಿಪಟ್ಟರು. ಅವಕ್ಕೆ ತಿಂಡಿ ಮಾತ್ರ ಹಾಕಬೇಡಿ. ಅಕ್ಕನವರು ಹೋದಾಗ ಇದೇ ರಸ್ತೆಯಲ್ಲಿ ಚಕ್ರಕ್ಕೆ ಹಾಕುವ ಹಿಮದ ಚೈನ್ ಇಟ್ಟುಕೊಳ್ಳಲೇಬೇಕಿತ್ತು. ಚಳಿಗಾಲವಾದರೆ ಅದನ್ನು ಹಾಕುವುದು ಹೇಗೆ ಅಂತ ಕಾರು ಕೊಡುವವರ ಹತ್ತಿರವೇ ತೋರಿಸಿಕೊಳ್ಳಿ.

7 ವರ್ಷದೊಳಗಿನ ಮಕ್ಕಳಿಗೆ ಚೈಲ್ಡ್ ಸೀಟ್ ಕಡ್ಡಾಯ, ಬುಕ್ ಮಾಡುವಾಗಲೇ ಹೇಳಿ. ಇನ್ಶೂರೆನ್ಸಿನಲ್ಲಿ ಗಾಜು, ಟೈರು ಸೇರಿದೆಯಾ ಅಂತ ಕೇಳಿ. ನಮ್ಮದರಲ್ಲಿ ಇರಲಿಲ್ಲ, ಒಂದು ಕಲ್ಲು ಸಿಡಿದು ಮುಂದಿನ ಗಾಜು ಬಿರುಕು ಬಿಟ್ಟಿದ್ದಕ್ಕೆ ಕೈಯಿಂದ ಕಟ್ಟಿದೆವು.

ನಿಮ್ಮ ಹತ್ತು ದಿನಕ್ಕೆ ನಾನಾದರೆ ಹೀಗೆ ಮಾಡುತ್ತೇನೆ. ಇಳಿದ ದಿನ ಓಡಿಸಬೇಡಿ, ಕ್ರೈಸ್ಟ್‌ಚರ್ಚ್‌ನಲ್ಲಿ ನಿದ್ದೆ ಮಾಡಿ. ಆಮೇಲೆ ಟೆಕಪೊ, ವನಾಕ, ತೆ ಅನೌ, ಕ್ವೀನ್ಸ್‌ಟೌನ್, ತಲಾ ಎರಡು ರಾತ್ರಿ. ಕಾರನ್ನು ಕ್ವೀನ್ಸ್‌ಟೌನ್‌ನಲ್ಲೇ ಬಿಟ್ಟು ವಿಮಾನ ಹತ್ತಿ. ಪಶ್ಚಿಮ ಕರಾವಳಿ ಈ ಸಲ ಬೇಡ.