ಅಪ್‌ಡೇಟ್: ಐರನ್ ಮಾತ್ರೆ ನುಂಗಿದರೂ ಏರದ ಹಿಮೋಗ್ಲೋಬಿನ್

ಎರಡು ತಿಂಗಳಿಂದ ಐರನ್ ಮಾತ್ರೆ ನುಂಗಿದರೂ ಹಿಮೋಗ್ಲೋಬಿನ್ 9.1ರಲ್ಲೇ ನಿಂತಿದೆ, ಏನು ಮಾಡಲಿ ಅಂತ ಹಿಂದೆ ಇಲ್ಲಿ ಕೇಳಿದ್ದೆನಲ್ಲ? ಮೊನ್ನೆ ಮತ್ತೆ ರಕ್ತ ಪರೀಕ್ಷೆ ಮಾಡಿಸಿದೆ. ನಾಲ್ಕೇ ವಾರದಲ್ಲಿ 10.6!

ಕೆಲಸಕ್ಕೆ ಬಂದಿದ್ದು ಆಗ ನಿಮ್ಮಲ್ಲೊಬ್ಬರು ಕೇಳಿದ "ಮಾತ್ರೆ ಹೊತ್ತಿಗೇ ಕಾಫಿ ಕುಡೀತೀರಾ?" ಅನ್ನೋ ಪ್ರಶ್ನೆ. ಹೌದು ಮತ್ತೆ! ತಿಂಡಿ, ಫಿಲ್ಟರ್ ಕಾಫಿ, ಅದರ ಹಿಂದೆಯೇ ಐರನ್, ಜೊತೆಗೆ ಕ್ಯಾಲ್ಸಿಯಂ ಮಾತ್ರೆ. ಕಾಫಿ, ಟೀ, ಕ್ಯಾಲ್ಸಿಯಂ ಇವೆಲ್ಲ ಕಬ್ಬಿಣ ಮೈಗೆ ಹತ್ತಲು ಅಡ್ಡಿಯಂತೆ. ಡಾಕ್ಟರ್ ಕೂಡ ಹೌದೆಂದರು. ಈಗ ಎದ್ದ ಕೂಡಲೇ ನಿಂಬೆ ನೀರಿನ ಜೊತೆ ಐರನ್, ಎರಡು ಗಂಟೆ ಬಿಟ್ಟು ಕಾಫಿ, ರಾತ್ರಿ ಕ್ಯಾಲ್ಸಿಯಂ. ಕಾಫಿಗೆ ಕಾಯೋದೇ ದೊಡ್ಡ ತಪಸ್ಸು.

ಬೆಲ್ಲ, ಖರ್ಜೂರ ಜಾಸ್ತಿ ತಿನ್ನಿ ಅಂತಲೂ ಕೆಲವರು ಅಂದಿದ್ದಿರಿ. ತಿಂದೆ, ಏರಿದ್ದು ತೂಕ ಮಾತ್ರ. ನಡುವೆ ಮಲ ಕಪ್ಪಗಾಗಿ ಗಾಬರಿಯಾಗಿತ್ತು. ಐರನ್ ಮಾತ್ರೆಗೆ ಅದು ಮಾಮೂಲಂತೆ.